ನಡುಗಡ್ಡೆಯ ಚಕ್ರ ನಿಂತಾಗ

ನಡುಗಡ್ಡೆ ನೌಕೆ, ಶನಿಗ್ರಹದ ದಾರಿ
ಹದಿಮೂರನೆಯ ತಿಂಗಳ ನಲವತ್ತೊಂದನೇ ದಿನ

ದೂರದ ಗ್ರಹಗಳಿಗೆ ಮನುಷ್ಯರನ್ನು ಕಳಿಸಲು ನಕ್ಷೆ ಬರೆಯುತ್ತಿರುವ ಹಿರಿಯರಿಗೆ, ಮಂದಾಕಿನಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ತಪ್ಪು ತಿಳಿಯಬೇಡಿ. ಸೂರ್ಯ ಹುಟ್ಟುವುದೂ ಮುಳುಗುವುದೂ ಇಲ್ಲದ ಕಡೆ ಇರುವ ನಾವು ತಿಂಗಳುಗಳನ್ನು ನಮಗೆ ಬೇಕಾದಂತೆ ಹಿಗ್ಗಿಸಿಕೊಂಡಿದ್ದೇವೆ. ನಿಮ್ಮ ಕಾಲ ಕಳೆದು ಏಳೆಂಟು ತಲೆಮಾರು ಆಗಿದೆ. ನನ್ನ ಕನ್ನಡದಲ್ಲಿ ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನೆಮ್ಮದಿಯಾಗಿ ಕುಳಿತು ತಿದ್ದಿ ಬರೆಯುವ ಸ್ಥಿತಿಯಲ್ಲಿ ನಾನೀಗ ಇಲ್ಲ.

ನಾವು ಬದುಕುವುದು ಒಂದು ದೊಡ್ಡ ಚಕ್ರದೊಳಗೆ. ಅದು ತಿರುಗುತ್ತಿದ್ದರೆ ಮಾತ್ರ ನಮ್ಮ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಬರುವ ಭಾರವನ್ನು ಸುತ್ತುತೂಕ ಎನ್ನುತ್ತೇವೆ. ಮಲಗುವ ಕೋಣೆಗಳ ಸುತ್ತ ನೀರಗೋಡೆ ಇದೆ. ಸೂರ್ಯ ಕೆರಳಿದಾಗ ಬರುವ ವಿಕಿರಣವನ್ನು ಆ ನೀರೇ ತಡೆಯಬೇಕು. ನಾವು ಕುಡಿಯುವುದು, ಸ್ನಾನ ಮಾಡುವುದು, ಮೆಂತ್ಯದ ಮಡಿಗಳಿಗೆ ಹಾಯಿಸುವುದು ಎಲ್ಲ ಅದನ್ನೇ. ಬೆವರು ಕೂಡ ಶುದ್ಧವಾಗಿ ಮತ್ತೆ ಗೋಡೆಗೇ ಸೇರುತ್ತದೆ. ನೀರು ಚೆಲ್ಲಿದ ಮಕ್ಕಳಿಗೆ ಇಲ್ಲಿ ಯಾರೂ ಬೈಯುವುದಿಲ್ಲ, ಬಟ್ಟೆ ತಂದು ಒರೆಸಿ ಹಿಂಡಿಕೊಳ್ಳುತ್ತೇವೆ, ಅಷ್ಟೆ.

ಚಕ್ರವನ್ನು ನೌಕೆಯ ನಡುಗಂಬಕ್ಕೆ ಜೋಡಿಸುವ ಬೇರಿಂಗ್ ಒಂದು ದಿನ ನಡುಗಲು ಶುರುವಾಯಿತು. ಮೊದಲು ತಟ್ಟೆಗಳು ಸದ್ದು ಮಾಡಿದವು, ವಾರ ಕಳೆಯುವಷ್ಟರಲ್ಲಿ ಹಲ್ಲಿಗೇ ಆ ನಡುಕ ತಾಗತೊಡಗಿತು. ಚಕ್ರದ ಉಸ್ತುವಾರಿ ನನ್ನದೂ ನನ್ನ ತಮ್ಮ ಗುರುಬಸುವಿನದೂ. ಹಾಗೇ ಬಿಟ್ಟರೆ ಬೇರಿಂಗ್ ಕಚ್ಚಿಕೊಂಡು ಚಕ್ರವನ್ನೇ ಹರಿದುಹಾಕುತ್ತದೆ ಎಂದು ಇಬ್ಬರಿಗೂ ಗೊತ್ತಾಯಿತು. ರಿಪೇರಿಗೆ ಚಕ್ರ ನಿಲ್ಲಿಸಬೇಕು. ಆದರೆ ಗುರುಬಸುವಿನ ಹೆಂಡತಿ ಕಮಲಾಕ್ಷಿಗೆ ದಿನ ತುಂಬಿತ್ತು. ತೂಕವಿಲ್ಲದ ಜಾಗದಲ್ಲಿ ಅಲ್ಲಿಯವರೆಗೆ ಯಾರಿಗೂ ಹೆರಿಗೆ ಆಗಿರಲಿಲ್ಲ.

ನೌಕೆಯ ಮುಖ್ಯಸ್ಥೆ ವಾರಿಜಮ್ಮ ಎಲ್ಲರನ್ನೂ ಊಟದ ಮನೆಗೆ ಕರೆಸಿದರು. ಹೆರಿಗೆಯವರೆಗೆ ಕಾಯೋಣ ಎಂದು ಡಾಕ್ಟರ್ ರೆಹಾನಾ ಹೇಳಿದರು, ತೇಲಾಡುವ ರಕ್ತವನ್ನು ಹಿಡಿಯುವುದು ಹೇಗೆಂದು ಅವರಿಗೆ ನಿಜಕ್ಕೂ ಭಯವಿತ್ತು. ಕಾಯುವ ಹಾಗಿಲ್ಲ ಎಂದು ಹೇಳಬೇಕಾದವಳು ನಾನು. ನಾನು ತಮ್ಮನ ಮುಖ ನೋಡಿದೆ. ಆಗ ಕಮಲಾಕ್ಷಿಯೇ ಮೇಜು ಹಿಡಿದು ಎದ್ದು ನಿಂತಳು.

"ನಿಲ್ಲಿಸಿ ಅಕ್ಕ. ತೂಕ ಇಲ್ಲದಿದ್ದರೂ ಮಗು ಹುಟ್ಟೀತು. ಮನೆಯೇ ಇಲ್ಲದಿದ್ದರೆ ಅದನ್ನ ಎಲ್ಲಿ ಮಲಗಿಸಲಿ?"

ಚಕ್ರ ನಿಂತಿತು. ಚಕ್ರಕ್ಕೂ ನಡುಗಂಬಕ್ಕೂ ನಡುವಿನ ಗಾಳಿಯಿಲ್ಲದ ಸಂದಿಗೆ ಗುರುಬಸು ರಕ್ಷಾಕವಚ ತೊಟ್ಟು ಇಳಿದ. ಬೇರಿಂಗ್ ಮೇಲಿನ ಮುಚ್ಚಳವನ್ನು ಸುತ್ತಲೂ ಬೆಸೆದುಬಿಟ್ಟಿದ್ದರು. ನೌಕೆಯ ಆಯುಸ್ಸು ಮುಗಿಯುವವರೆಗೆ ಅದನ್ನು ತೆರೆಯುವ ಪ್ರಸಂಗ ಬರುವುದಿಲ್ಲ ಎಂಬುದು ಕಟ್ಟಿದವರ ಲೆಕ್ಕ. ಬಿಡಿಭಾಗವನ್ನೂ ಅವರು ಕೊಟ್ಟಿರಲಿಲ್ಲ. ಮುಚ್ಚಳ ಕೊಯ್ದು ನೋಡಿದರೆ ಒಳಗಿನ ಉಕ್ಕಿನ ಗುಂಡುಗಳು ಸೀಳಿಹೋಗಿದ್ದವು. ನಾವೇ ಮೊದಲೇ ಕಡೆದಿಟ್ಟುಕೊಂಡಿದ್ದ ಗುಂಡುಗಳನ್ನು ಕೂರಿಸಬೇಕಿತ್ತು, ಆದರೆ ದಪ್ಪ ಗವಸಿನ ಕೈ ಗುಂಡು ಕೂರುವ ಜಾಗಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಕಮಲಾಕ್ಷಿಗೆ ನೋವು ಕಾಣಿಸಿಕೊಂಡ ಸುದ್ದಿ ಬಂತು. ಅವನಿಗೆ ತಿಳಿಸಬೇಕೋ ಬೇಡವೋ ಎಂದು ತಡವರಿಸಿದೆ, ಆಮೇಲೆ ರೇಡಿಯೊದಲ್ಲಿ ಹೇಳಿದೆ. ಅವನು ಬಲಗೈಯ ಹೊರಗವಸು ಕಳಚಿ, ಗಾಳಿ ಹಿಡಿದಿಡುವ ತೆಳುವಾದ ಒಳಗವಸಿನಲ್ಲೇ ಆ ಕೊರೆಯುವ ಲೋಹದೊಳಗೆ ಕೈ ತೂರಿಸಿದ.

ಕೆಲಸ ಮುಗಿದು ಮೇಲೆ ಎಳೆದುಕೊಂಡಾಗ ಅವನ ಬೆರಳುಗಳು ಬೆಳ್ಳಗೆ ಬಿರುಸಾಗಿದ್ದವು. ಹೆಬ್ಬೆರಳೊಂದನ್ನೇ ಉಳಿಸಲು ರೆಹಾನಾಗೆ ಸಾಧ್ಯವಾಯಿತು. ಅದಕ್ಕೂ ಮುಂಚೆ, ಕಮಲಾಕ್ಷಿಯನ್ನು ಹಾಸಿಗೆಗೆ ಪಟ್ಟಿಗಳಿಂದ ಕಟ್ಟಿ, ರಕ್ತದ ಹನಿಗಳನ್ನು ಕೊಳವೆಯಿಂದ ಹೀರುತ್ತಾ, ಅವರು ಒಂದು ಹೆಣ್ಣುಮಗುವನ್ನು ಈಚೆಗೆ ತಂದಿದ್ದರು. ಗುರುಬಸು ಮಗಳನ್ನು ಎಡಗೈಯಲ್ಲಿ ಎದೆಗವಚಿಕೊಂಡು, ಇವಳ ಉಗುರುಗಳು ಎಷ್ಟು ಚೆನ್ನಾಗಿವೆ ನೋಡಕ್ಕ ಎಂದ. ನಾನು ಅತ್ತ ತಿರುಗಿಕೊಂಡೆ.

ಮಗುವಿಗೆ ಇಳಾ ಎಂದು ಹೆಸರಿಟ್ಟೆವು. ಈಗ ಅವಳು ಓಡಾಡುತ್ತಾಳೆ, ಓಡಾಟ ಎನ್ನುವುದಕ್ಕಿಂತ ಜಿಗಿದಾಟ. ನಾವು ಮಾಡಿದ ಗುಂಡುಗಳು ಮೆದು, ಅದಕ್ಕೇ ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಿದ್ದೇವೆ. ಸುತ್ತುತೂಕ ಅರ್ಧಕ್ಕೆ ಇಳಿದಿದೆ. ಅವಳ ಮೂಳೆಗಳು ತೆಳ್ಳಗಿವೆ. ಭೂಮಿಯ ನೆಲದ ಮೇಲೆ ಅವಳೆಂದೂ ನಿಲ್ಲಲಾರಳು ಎಂದು ರೆಹಾನಾ ಹೇಳಿದ್ದಾರೆ. ಇದನ್ನು ಅವಳಿಗೆ ಯಾವಾಗ ಹೇಳುವುದು ಎಂದು ನಾವಿನ್ನೂ ಮಾತಾಡಿಕೊಂಡಿಲ್ಲ.

ನೀವು ಕಳಿಸಬಾರದಿತ್ತು ಎಂದು ನಾನು ಬರೆಯುತ್ತಿಲ್ಲ. ಕಿಟಕಿಯಲ್ಲಿ ಶನಿಯ ಬಳೆಗಳು ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದೇವೆ. ಹಿಂದಿರುಗಿ ಎಂದರೆ ನಮ್ಮಲ್ಲಿ ಒಬ್ಬರೂ ಒಪ್ಪಲಿಕ್ಕಿಲ್ಲ. ನಾನು ಕೇಳುವುದು ಇಷ್ಟೇ: ಯಾವುದನ್ನೂ ಶಾಶ್ವತ ಎಂದು ನಂಬಿ ಬೆಸೆಯಬೇಡಿ. ಬೋಲ್ಟು ಹಾಕಿ. ಅದನ್ನು ಬಿಚ್ಚಲು ಬರುವವರಿಗೂ ಮೈಯಿರುತ್ತದೆ, ಚಳಿಯಾಗುತ್ತದೆ, ಮನೆಯಲ್ಲಿ ಅವರಿಗಾಗಿ ಕಾಯುವವರಿರುತ್ತಾರೆ ಎಂಬುದನ್ನು ನಕ್ಷೆಯ ಮುಂದೆ ಕುಳಿತಾಗ ಒಂದು ಗಳಿಗೆ ನೆನೆಯಿರಿ.

ನಿನ್ನೆಯಿಂದ ನಡುಕ ಮತ್ತೆ ಶುರುವಾಗಿದೆ. ನಾಳೆ ಚಕ್ರ ನಿಲ್ಲಿಸುತ್ತೇವೆ. ಗುರುಬಸು ತಾನೇ ಇಳಿಯುತ್ತೇನೆಂದು ಹಟ ಹಿಡಿದಿದ್ದ, ವಾರಿಜಮ್ಮ ಒಪ್ಪಲಿಲ್ಲ. ಈ ಸಲ ಒಳಗೆ ಹೋಗುವವಳು ನಾನು.