ಗೆಲ್ಲುವವರಿಲ್ಲದ ಆಟಗಳು

ಅಮ್ಮಾ,

ಬೇಕರಿಯಲ್ಲಿ ಬೆಳಗಿನ ಪಾಳಿ, ಹೊರಟೆ. ಊಟ ಮುಚ್ಚಿಟ್ಟಿದ್ದೇನೆ. "ಆಮೇಲೆ ತಿಂತೀನಿ" ಅಂತ ಸಂಜೆಯವರೆಗೂ ಹಾಗೇ ಇಡಬೇಡ. ಮಂಡಿಗೆ ಮುಲಾಮು ಹಚ್ಚಿಕೋ.

ನಿನ್ನೆ ಟಿವಿಯಲ್ಲಿ ಕಾರ್ ರೇಸ್ ಆಟ ಹಾಕಿಕೊಟ್ಟಾಗ, "ಗೆದ್ದು ಯಾರ ಮುಖ ನೋಡ್ಲಿ?" ಅಂದೆಯಲ್ಲ, ನಾನು ಆಟ ನಿಲ್ಲಿಸಿಬಿಟ್ಟೆ. ಅಪ್ಪ ಹೋದ ಮೇಲೆ ನೀನು ಟಿವಿ ಮುಂದೆ ಕೂತದ್ದೇ ನಿನ್ನೆ. ತಾವು ಸೋತಾಗಲೆಲ್ಲ ಅವರು ನಿನಗೆ "ಕಣ್ಣು ಮುಚ್ಕೊಂಡು ಓಡಿಸ್ತೀಯಲ್ಲೇ!" ಎಂದು ಕೂಗುತ್ತಿದ್ದದ್ದು ನನ್ನ ಕಿವಿಯಲ್ಲೂ ಇದೆ.

ರೇಸ್ ಅಳಿಸಿಲ್ಲ, ಇದ್ದಲ್ಲೇ ಇದೆ. ಈಚೆಗೆ ಬೇರೆ ತರಹದ ಆಟಗಳು ಬಂದಿವೆ, ಮೂರು ಹಾಕಿದ್ದೇನೆ. ಒಂದರಲ್ಲಿ ಕೊಳೆಯಾದ ಅಂಗಳ, ಗೋಡೆಗಳನ್ನು ಪೈಪು ಹಿಡಿದು ತೊಳೆಯುವುದಷ್ಟೇ ಕೆಲಸ. ಅವಸರವಿಲ್ಲ, ಸೋಲಿಲ್ಲ. ಇವತ್ತು ಅದನ್ನು ಆಡಿ ನೋಡು. ಇನ್ನೊಂದರಲ್ಲಿ ಹೊಸ ಮನೆಗೆ ಬಂದವರ ಪೆಟ್ಟಿಗೆಗಳನ್ನು ಬಿಚ್ಚಿ ಸಾಮಾನು ಜೋಡಿಸಬೇಕು. ಅದನ್ನು ಒಬ್ಬಳೇ ತೆರೆಯಬೇಡ. ಪೆಟ್ಟಿಗೆಯಿಂದ ಗಂಡಸಿನ ಅಂಗಿಗಳೂ ಬರುತ್ತವೆ.

ಮೂರನೆಯದನ್ನು ಇಬ್ಬರು ಸೇರಿಯೇ ಆಡಬೇಕು. ಒಬ್ಬರನ್ನೊಬ್ಬರು ಸೋಲಿಸುವ ಮಾತಿಲ್ಲ. ಒಂದು ಮಂಚವನ್ನು ಆಚೆ ಈಚೆ ಹಿಡಿದು ಮೆಟ್ಟಿಲು ಇಳಿಸಬೇಕು. ಒಬ್ಬರು ಕೈಬಿಟ್ಟರೆ ಬೀಳುತ್ತದೆ. ಬಿದ್ದರೆ ಮತ್ತೆ ಎತ್ತಬಹುದು.

ಅದಕ್ಕೆ ಎರಡನೆಯ ಕಂಟ್ರೋಲರ್ ಬೇಕು. ಅಪ್ಪನದನ್ನು ನಾನು ಮುಟ್ಟಿಲ್ಲ, ಅವರು ಇಟ್ಟಲ್ಲೇ ಕಪಾಟಿನ ಮೇಲಿದೆ. ನಾನು ಅದನ್ನು ಹಿಡಿಯಬಹುದು ಅನ್ನಿಸಿದರೆ ಚಾರ್ಜಿಗೆ ಹಾಕಿಡು. ಮನಸ್ಸು ಬರದಿದ್ದರೆ ಬೇಡ, ನಾನೂ ಆ ಮಾತೆತ್ತುವುದಿಲ್ಲ. ಬಂದು ನಿನ್ನ ಪಕ್ಕ ಸುಮ್ಮನೆ ಕೂರುತ್ತೇನೆ.