ಅದು ತುಕ್ಕಲ್ಲ, ಕುಂಕುಮ

ವಿಮಾ ಕಂಪನಿಯ ಅಪಘಾತ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಕ್ಯಾಂಪಿಂಗ್ ಟ್ರೈಲರ್ ಕಳಚಿಕೊಂಡ ಪ್ರಕರಣದಲ್ಲಿ ತಾವು ದಯಪಾಲಿಸಿದ ಅಂತಿಮ ವರದಿಯನ್ನು ಹನ್ನೊಂದು ಸಲ ಓದಿದ್ದೇನೆ. ಅದರ ಆರನೆಯ ಪ್ಯಾರಾದಲ್ಲಿ 'ಗ್ರಾಹಕರೇ ಗಮನಿಸಿರುವ ಕೆಂಪು ಪುಡಿ' ಎಂಬ ಮಾತು ಬರುತ್ತದೆ. ಆ ಪುಡಿ ತುಕ್ಕು ಎಂದೂ, ತುಕ್ಕಿಗೆ ಕಾರಣ ವರ್ಕ್‌ಶಾಪಿನ ಮೆಕ್ಯಾನಿಕ್ ಫಿಂಟನ್‌ನ ಅಲಕ್ಷ್ಯವೆಂದೂ ತಾವು ತೀರ್ಪು ಕೊಟ್ಟಿದ್ದೀರಿ. ಅದು ತುಕ್ಕಲ್ಲ, ಕುಂಕುಮ. ಇಟ್ಟವಳು ನನ್ನ ಹೆಂಡತಿ, ಇಡು ಎಂದವನು ನಾನು, ಆಮೇಲೆ ಅದನ್ನು ಒರೆಸಿ ಹಾಕಿದವನೂ ನಾನೇ. ತಮ್ಮ ವರದಿ ಬಂದ ವಾರದಲ್ಲಿ ಫಿಂಟನ್‌ನ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಎತ್ತು ಬಾಯಿ ಮುಚ್ಚಿಕೊಂಡು ಮೂರು ತಿಂಗಳು ಹುಲ್ಲು ಮೇಯುತ್ತಿತ್ತು.

ಇದನ್ನು ಕನ್ನಡದಲ್ಲಿ, ಅದೂ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ತಾವು ಕೇಳಬಹುದು. ಈ ವಾರದಲ್ಲೇ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ಮೂರು ಸಲವೂ 'ಕೋವಿಡ್ ಕಾರಣ ಉತ್ತರ ತಡವಾಗಬಹುದು' ಎಂಬ ತಾನೇ ತಾನಾಗಿ ಬರುವ ಉತ್ತರ ಬಂತು. ಇದರ ಇಂಗ್ಲಿಷ್ ಪ್ರತಿ ನಾಲ್ಕನೆಯ ಸಲ ತಮ್ಮ ಕಚೇರಿಗೆ ಹೋಗುತ್ತದೆ. ಆದರೆ ನಾನು ತಪ್ಪು ಮಾಡಿದ್ದು ಕನ್ನಡದಲ್ಲಿ. ನನ್ನನ್ನು ಸಭ್ಯ, ಓದಿದವನು ಎಂದು ನಂಬಿರುವವರೂ ಕನ್ನಡದವರೇ. ಅವರಿಗೂ ಗೊತ್ತಾಗಲಿ.

ಕಥೆ ಇಷ್ಟು. ನಾನು ಊರು ಬಿಟ್ಟು ಬಂದು ಆರು ವರ್ಷದಿಂದ ಈ ದ್ವೀಪದೇಶದಲ್ಲಿ, ಈಗ ಇದರ ರಾಜಧಾನಿಯ ಅಂಚಿನ ಕ್ಲಾಂಡಾಲ್ಕಿನ್‌ನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್. ಐದು ಕಿಲೋಮೀಟರ್ ದಾಟಬೇಡಿ ಎಂದು ಸರ್ಕಾರ ಹೇಳಿದ ಚಳಿಗಾಲವನ್ನು ಹೆಂಡತಿ ಕಾತ್ಯಾಯಿನಿ, ಮಗಳು ಮಾನ್ಯಾ ಮತ್ತು ನಾನು ಎರಡು ಕೋಣೆಯ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಕಳೆದೆವು. ೨೦೨೧ರ ಮೇ ತಿಂಗಳಲ್ಲಿ ಕೌಂಟಿ, ಅಂದರೆ ಜಿಲ್ಲೆ, ದಾಟಲು ಅನುಮತಿ ಸಿಕ್ಕಿದ್ದೇ ತಡ, ದೇಶದ ಅರ್ಧ ಜನರಿಗೆ ಹಿಡಿದ ಹುಚ್ಚು ನನಗೂ ಹಿಡಿಯಿತು. ಊರಿಗೆ ಹೋಗಲು ವಿಮಾನವಿಲ್ಲ, ಹೋಟೆಲುಗಳಲ್ಲಿ ಜಾಗವಿಲ್ಲ. ಹಳೆಯ ಪಿಕಪ್ ಒಂದನ್ನು ಕೊಂಡೆ, ಇಬ್ಬರು ದೊಡ್ಡವರು, ಒಂದು ಮಗು ಮಲಗುವಷ್ಟು ಚಿಕ್ಕ ಟ್ರೈಲರ್ ಕೊಂಡೆ. ಒಂದನ್ನು ಇನ್ನೊಂದಕ್ಕೆ ಹೇಗೆ ಕಟ್ಟುವುದು ಎಂದು ಮಾತ್ರ ಗೊತ್ತಿರಲಿಲ್ಲ. ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿ ಸಿಕ್ಕವನು ಫಿಂಟನ್.

ಫಿಂಟನ್ ಟ್ರಾವೆಲರ್ ಸಮುದಾಯದವನು. ತಲೆಮಾರುಗಳಿಂದ ಈ ದ್ವೀಪದ ರಸ್ತೆಬದಿಯಲ್ಲಿ ಬದುಕಿದ, ನೆಲೆಯಿಲ್ಲದವರೆಂದು ಊರವರು ಅನುಮಾನದಿಂದ ನೋಡುವ ಜನ ಅವರು. ಅವನು ಹುಟ್ಟಿದ್ದೇ ಕ್ಯಾರವಾನ್ ಒಂದರಲ್ಲಿ. ಈ ದೇಶದಲ್ಲಿ ಮಳೆ ಸುರಿದರೂ 'ಗ್ರ್ಯಾಂಡ್', ಅಂದರೆ ಎಲ್ಲ ಸರಿಯಾಗಿದೆ ಎನ್ನುತ್ತಾರೆ, ಬಸ್ಸು ತಪ್ಪಿದರೂ ಗ್ರ್ಯಾಂಡ್. ಫಿಂಟನ್ ಬಾಯಿಂದ ಮಾತ್ರ ಆ ಮಾತು ಸುಲಭಕ್ಕೆ ಹೊರಡುತ್ತಿರಲಿಲ್ಲ. ಪಿಕಪ್‌ನ ಹಿಂದೆ ಟ್ರೈಲರ್ ಎಳೆಯುವ ಟೋ ಬಾರ್, ಅದರ ತುದಿಗೆ ಉಕ್ಕಿನ ಗುಂಡು ಕೂರಿಸಿದ, ದೀಪಗಳ ವೈರಿಂಗ್ ಎಳೆದ, ಕನ್ನಡಿಗಳಿಗೆ ಉದ್ದನೆಯ ಕೈ ಜೋಡಿಸಿದ, ಟೈರುಗಳ ಗಾಳಿ ನೋಡಿದ. ನಮ್ಮ ಮನೆಯ ತೂಕದ ಯಂತ್ರವನ್ನೇ ತರಿಸಿ ಪಿಕಪ್‌ನ ಮೇಲೆ ಕೂರುವ ಟ್ರೈಲರ್ ಮೂತಿಯ ಭಾರ ತೂಗಿದ. "ಒಳಗೆ ಏನು ತುಂಬಿದೀಯಪ್ಪಾ?" ಎಂದು ಕೇಳಿದ. ಗ್ರೈಂಡರ್ ಎಂದೆ. ಅದು ಏನೆಂದು ವಿವರಿಸಿದ ಮೇಲೆ, ಎರಡು ದಿನದ ಪ್ರವಾಸಕ್ಕೆ ಕಲ್ಲು ಹೊರುವವರನ್ನು ತಾನು ಕಂಡಿಲ್ಲ ಎಂದು ಅದನ್ನು ಇಳಿಸಿದ. ಅವನ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವನು ನನಗೆ ನಮ್ಮೂರ ಹಿರಿಯಣ್ಣನ ಹಾಗೆಯೇ ಕೇಳಿಸುತ್ತಿದ್ದ.

ಎರಡು ಸಂಗತಿಯನ್ನು ಅವನು ಮತ್ತೆ ಮತ್ತೆ ಹೇಳಿದ. ಟ್ರೈಲರ್‌ನ ಮೂತಿಯಲ್ಲಿರುವ ಕಪ್ಲಿಂಗ್ ಪಿಕಪ್‌ನ ಗುಂಡನ್ನು ಪೂರ್ತಿ ಕಚ್ಚಿಕೊಂಡರೆ ಅದರ ಮೇಲಿನ, ಬಟನ್‌ನಂಥ ಸಣ್ಣ ಗುಂಡಿಯಲ್ಲಿ ಹಸಿರು ಕಾಣುತ್ತದೆ, ಕಚ್ಚದಿದ್ದರೆ ಕೆಂಪು. "ಹಸಿರು ಕಾಣೋ ತನಕ ಗಾಡಿ ಎತ್ತಬೇಡ, ನಿಮ್ಮಪ್ಪ ಬಂದು ಹೇಳಿದ್ರೂ ಎತ್ತಬೇಡ" ಎಂದ. ಇನ್ನೊಂದು, ತೆಳ್ಳನೆಯ ಉಕ್ಕಿನ ಕೇಬಲ್. ಟ್ರೈಲರ್ ಕಳಚಿದರೆ ಅದು ಎಳೆದುಕೊಂಡು ಟ್ರೈಲರ್‌ನ ಬ್ರೇಕ್ ಹಾಕುತ್ತದೆ. ನಾನು ಅದನ್ನು ಸುಮ್ಮನೆ ಸುತ್ತಿ ಬಿಟ್ಟಿದ್ದೆ. ಸರಿಯಾಗಿ ಸಿಕ್ಕಿಸುವುದನ್ನು ಮೂರು ಸಲ ಮಾಡಿಸಿದ. ನನಗೆ ಸ್ವಲ್ಪ ಸಿಟ್ಟೂ ಬಂದಿತ್ತು, ಇವನು ಎಂಜಿನಿಯರಿಗೆ ಪಾಠ ಹೇಳುತ್ತಾನಲ್ಲ ಎಂದು.

ಜುಲೈನಲ್ಲಿ, ಹೊರಡುವ ದಿನ ಬೆಳಿಗ್ಗೆ ಪೂಜೆ. ಹೊಸ ಗಾಡಿಗೆ ಪೂಜೆಯಿಲ್ಲದೆ ಚಕ್ರ ಉರುಳಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮೈಸೂರಿನಿಂದ ಅತ್ತೆ ಸಾವಿತ್ರಮ್ಮನವರು ವಿಡಿಯೊ ಕಾಲ್‌ನಲ್ಲಿ ನಿರ್ದೇಶನ ಕೊಟ್ಟರು. ಆರು ಚಕ್ರಕ್ಕೆ ಆರು ನಿಂಬೆಹಣ್ಣು. ಸೇವಂತಿಗೆ ಸಿಗದೆ ಸೂಪರ್‌ಮಾರ್ಕೆಟ್ಟಿನ ಕಾರ್ನೇಷನ್ ಹೂಗಳನ್ನು ದಾರದಲ್ಲಿ ಪೋಣಿಸಿ ಟ್ರೈಲರ್‌ನ ಮೂತಿಗೆ ಸುತ್ತಿದೆವು. "ಆ ಮೇಲ್ಗಡೆ ಗುಂಡಗಿದೆಯಲ್ಲ, ಅದಕ್ಕೂ ಒಂದು ಬೊಟ್ಟು ಇಡಮ್ಮ, ಬೋಳುಬೋಳಾಗಿ ಕಾಣ್ತಿದೆ" ಎಂದರು ಅತ್ತೆ. ಕಾತ್ಯಾಯಿನಿ ನನ್ನ ಮುಖ ನೋಡಿದಳು. ಇಡು ಎಂದೆ. ಕುಂಕುಮ ನಿಲ್ಲಲಿ ಎಂದು ಮೊದಲು ಒಂದು ಬೆರಳು ಕೊಬ್ಬರಿ ಎಣ್ಣೆಯನ್ನು ನಾನೇ ಹಚ್ಚಿಕೊಟ್ಟೆ. ಅದು ಫಿಂಟನ್ ತೋರಿಸಿದ ಗುಂಡಿ ಎಂದು ನನಗೆ ಗೊತ್ತಿತ್ತು, ಮಾನ್ಯರೇ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶವನ್ನೂ ಆ ಪುಣ್ಯಾತ್ಮ ನನಗೆ ಉಳಿಸಿರಲಿಲ್ಲ.

ಆರತಿ ಮುಗಿಸಿ, ಪಿಕಪ್ ಹಿಂದಕ್ಕೆ ತಂದು ಟ್ರೈಲರ್ ಜೋಡಿಸಿದೆ. ಹೂವಿನ ದಾರದ ಗಂಟು ಪಿಕಪ್‌ನ ಉಕ್ಕಿನ ಗುಂಡಿಗೂ ಟ್ರೈಲರ್‌ನ ಕಪ್ಲಿಂಗ್‌ಗೂ ನಡುವೆ ಸಿಕ್ಕಿ ಲಾಕ್ ಬೀಳದೆ ಇದ್ದದ್ದು ನನಗೆ ಕಾಣಲಿಲ್ಲ. ಕಾತ್ಯಾಯಿನಿ ಬಗ್ಗಿ ನೋಡಿ, "ರೀ, ಹಸಿರು ಕಾಣ್ಬೇಕು ಅಂದಿದ್ರಲ್ವಾ ಅವ್ರು? ಇದು ಕೆಂಪಗಿದೆ" ಎಂದಳು.

"ನೀನೇ ಇಟ್ಟ ಕುಂಕುಮ ಕಣೇ ಅದು" ಎಂದು ನಕ್ಕೆ.

ಅವಳೂ ನಕ್ಕಳು. ಒಂದು ಬೆರಳಿನಿಂದ ಒರೆಸಿ ನೋಡಿದ್ದರೆ ಮುಗಿಯುತ್ತಿತ್ತು. ಇಟ್ಟ ಕುಂಕುಮ ಹೊರಡುವ ಹೊತ್ತಿನಲ್ಲಿ ಒರೆಸುವುದೇ? ಯಾರು ಒರೆಸುತ್ತಾರೆ? ಹಾಗೆಯೇ ಹೊರಟೆವು. ಮೇನೂತ್ ಹತ್ತಿರದ ಒಂದು ರೌಂಡ್‌ಅಬೌಟ್ ತಿರುಗುವಾಗ ಹಿಂದೆ ದಡಾರ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಟ್ರೈಲರ್ ಪಕ್ಕದ ಸಾಲಿನ ಕಡೆಗೆ ತಾನೇ ಹೊರಟಿತ್ತು. ಅಷ್ಟರಲ್ಲಿ ಆ ತೆಳ್ಳನೆಯ ಕೇಬಲ್ ಎಳೆದುಕೊಂಡಿತು, ಟ್ರೈಲರ್‌ನ ಚಕ್ರಗಳು ಹಿಡಿದುಕೊಂಡವು, ಅದು ಹುಲ್ಲಿನ ದಿಬ್ಬ ಹತ್ತಿ ಕಲ್ಲಿನ ಗೋಡೆಗೆ ಮುಖ ಜಜ್ಜಿಕೊಂಡು ನಿಂತಿತು. ಆ ಪಕ್ಕದ ಸಾಲಿನಲ್ಲಿ ಬರುತ್ತಿದ್ದ ಕಾರಿನಲ್ಲಿ ಒಬ್ಬ ಅಜ್ಜಿ ಸ್ಟಿಯರಿಂಗ್ ಬಿಡದೆ ಕೂತಿದ್ದರು. ಅವರು ಉಳಿದದ್ದು ನಮ್ಮ ಆರತಿಯಿಂದ ಎಂದು ಅತ್ತೆ ಇಂದಿಗೂ ನಂಬಿದ್ದಾರೆ. ಅವರು ಉಳಿದದ್ದು ಫಿಂಟನ್ ನನ್ನ ಕೈಯಲ್ಲಿ ಮೂರು ಸಲ ಮಾಡಿಸಿದ್ದರಿಂದ.

ಇನ್ನು ನನ್ನ ನಿಜವಾದ ಅಪರಾಧಕ್ಕೆ ಬರುತ್ತೇನೆ. ಇಲ್ಲಿಯವರೆಗಿನದು ದಡ್ಡತನ, ಅದಕ್ಕೆ ಕ್ಷಮೆ ಉಂಟು. ಗಾಡಿ ಎಳೆಯುವವರು ಬರುವ ಮುಂಚೆ ನಾನು ಕಪ್ಲಿಂಗ್‌ನಿಂದ ಹೂವಿನ ದಾರವನ್ನು ಎಳೆದು ಜೇಬಿಗಿಟ್ಟುಕೊಂಡೆ. ಸ್ಯಾನಿಟೈಸರ್ ಒರೆಸುವ ಕಾಗದ ತೆಗೆದು ಕುಂಕುಮವನ್ನೂ ಎಣ್ಣೆಯನ್ನೂ ಉಜ್ಜಿದೆ. "ಯಾಕ್ರೀ ಒರೆಸ್ತಿದೀರಿ?" ಎಂದಳು ಕಾತ್ಯಾಯಿನಿ. ಕೋವಿಡ್ ಅಲ್ಲವಾ ಎಂದೆ. "ಕುಂಕುಮಕ್ಕೂ ಕೋವಿಡ್ ಬರುತ್ತೇನ್ರೀ?" ಎಂದು ಕೇಳಿ ಅವಳು ಮುಖ ತಿರುಗಿಸಿದಳು. ನನ್ನ ಪೌರತ್ವದ ಅರ್ಜಿ ಆಗ ಸರ್ಕಾರದ ಮುಂದಿತ್ತು. ಅರ್ಜಿದಾರ ಒಳ್ಳೆಯ ನಡತೆಯವನಾಗಿರಬೇಕಂತೆ. ಒಳ್ಳೆಯ ನಡತೆಯವನೆಂದು ಕಾಣಿಸಿಕೊಳ್ಳಲು ನಾನು ಆ ದಿನ ಕಳ್ಳನ ಕೆಲಸ ಮಾಡಿದೆ.

ತಾವಾದರೂ ಬಂದು ನೋಡಬಹುದಿತ್ತು. ಕೋವಿಡ್ ಕಾರಣ ಖುದ್ದು ಪರಿಶೀಲನೆ ಇಲ್ಲ, ಫೋಟೊ ಕಳಿಸಿ ಎಂದಿರಿ. ಕಳಿಸಿದೆ, ಥಳಥಳ ಹೊಳೆಯುವ ಕಪ್ಲಿಂಗ್‌ನ ನಾಲ್ಕು ಫೋಟೊ. ಲಾಕ್ ಸರಿಯಾಗಿ ಬಿದ್ದಿತ್ತೇ ಎಂಬ ಪ್ರಶ್ನೆಗೆ 'ನನಗೆ ತಿಳಿದಂತೆ ಹೌದು' ಎಂದು ಬರೆದೆ. ಫಿಂಟನ್ ತಮಗೆ ಫೋನಿನಲ್ಲಿ, ಗುಂಡಿನ ಮೇಲಿನ ಗೀರು ನೋಡಿದರೇ ಗೊತ್ತಾಗುತ್ತದೆ, ಲಾಕ್ ಬಿದ್ದೇ ಇರಲಿಲ್ಲ ಎಂದು ಹೇಳಿದ. ತಾವು ಅವನಿಗೆ ಅವನ ವಿಳಾಸ ಎಷ್ಟು ಸಲ ಬದಲಾಗಿದೆ ಎಂದು ಕೇಳಿದಿರಂತೆ. ನನಗೆ ಕೇಳಲಿಲ್ಲವಲ್ಲ, ನಾನೂ ಆರು ವರ್ಷದಲ್ಲಿ ಐದು ಮನೆ ಬದಲಾಯಿಸಿದ್ದೇನೆ. ತಮ್ಮ ವರದಿಯಲ್ಲಿ ಅವನ ಸಮುದಾಯದ ಹೆಸರು ಒಂದೆಡೆಯೂ ಇಲ್ಲ, ತಾವು ಜಾಣರು. ಊರು ಯಾವುದು, ಯಾರ ಪೈಕಿ ಎಂದು ಕೇಳುತ್ತಲೇ ಬೇರೆ ಏನನ್ನೋ ತಿಳಿದುಕೊಳ್ಳುವ ವಿದ್ಯೆ ನನ್ನ ನಾಡಿನಲ್ಲಿ ಬಹಳ ಹಳೆಯದು. ಆದ್ದರಿಂದ ಗುರುತು ಹಿಡಿದೆ. ಗುರುತು ಹಿಡಿದೂ ಸುಮ್ಮನಿದ್ದೆ, ಏಕೆಂದರೆ ಈ ಸಲ ಅದು ನನಗೆ ಅನುಕೂಲವಾಗಿತ್ತು.

ಆಗಸ್ಟ್‌ನಲ್ಲಿ ನಿದ್ದೆ ಕೆಟ್ಟು ತಮಗೆ ಒಂದು ಇಮೇಲ್ ಹಾಕಿದೆ. ಅದು ಹೇಡಿಯ ಇಮೇಲ್. ಪೂಜೆ ಎಂದು ಬರೆದೆ, ಅಳಿಸಿದೆ. ಕುಂಕುಮ ಎಂದು ಬರೆದೆ, ಅಳಿಸಿದೆ. ಕೊನೆಗೆ 'ಗುಂಡಿಯ ಮೇಲೆ ಸ್ವಲ್ಪ ಕೆಂಪು ಪುಡಿ ಇದ್ದ ನೆನಪು' ಎಂದು ಕಳಿಸಿ, ನಿಜ ಹೇಳಿದೆನೆಂಬ ಸಮಾಧಾನದಲ್ಲಿ ಊಟ ಮಾಡಿದೆ. ಆ ಅರ್ಧ ಸತ್ಯವನ್ನೇ ತಾವು ತುಕ್ಕು ಮಾಡಿಕೊಂಡು ಫಿಂಟನ್‌ನ ಕುತ್ತಿಗೆಗೆ ಕಟ್ಟಿದಿರಿ. ಪೂರ್ತಿ ಸುಳ್ಳು ಹೇಳಿದ್ದರೂ ಅವನಿಗೆ ಇಷ್ಟು ಕೇಡಾಗುತ್ತಿರಲಿಲ್ಲವೇನೋ.

ಹೋದ ಭಾನುವಾರ ಅವನ ಮನೆಗೆ ಹೋದೆ. ಮಾಸ್ಕ್ ಹಾಕಿ, ಎರಡು ಮೀಟರ್ ದೂರದಲ್ಲಿ, ಗೇಟಿನ ಹೊರಗೆ ನಿಂತು ಎಲ್ಲವನ್ನೂ ಹೇಳಿದೆ. ಕುಂಕುಮ ಎಂದರೇನು ಎಂಬುದನ್ನೂ ಹೇಳಿದೆ. ಅವನು ನಗಲಿಲ್ಲ.

"ನಮ್ಮಮ್ಮನೂ ಹೊಸ ಗಾಡಿಗೆ ತೀರ್ಥ ಚಿಮುಕಿಸ್ತಾಳೆ. ಅದರಲ್ಲೇನೂ ತಪ್ಪಿಲ್ಲ. ಒರೆಸಿದ್ಯಲ್ಲ, ಅದಕ್ಕೇನು ಹೇಳ್ತೀಯ?" ಎಂದ.

ಕ್ಷಮಿಸು ಎಂದೆ.

"ಅದು ಆಮೇಲಿನ ಮಾತು. ಲಾಕ್ ಬಿದ್ದಿರಲಿಲ್ಲ ಅಂತ ನಾನು ಮೊದಲ ದಿನವೇ ಅವ್ರಿಗೆ ಹೇಳಿದ್ನಲ್ಲ, ಹದಿನೆಂಟು ವರ್ಷದ ಕೆಲಸ ನಂದು. ನನ್ನ ಮಾತು ಸಾಲಲಿಲ್ಲ ಅವ್ರಿಗೆ. ನೀನು ಮೊದಲು ಅಲ್ಲಿ ಹೋಗಿ ಹೇಳು" ಎಂದು ಬಾಗಿಲು ಹಾಕಿಕೊಂಡ.

ಆದ್ದರಿಂದ ಹೇಳುತ್ತಿದ್ದೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಪೂಜೆಯಾದ ಮೇಲೆ ಕುಟುಂಬದ ವಾಟ್ಸಾಪ್ ಗುಂಪಿಗೆ ನಾವೇ ಹಾಕಿದ ಫೋಟೊವನ್ನು ಲಗತ್ತಿಸಿದ್ದೇನೆ. ಗುಂಡಿಯ ಮೇಲಿನ ಬೊಟ್ಟು ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಕೆಳಗೆ ಇಪ್ಪತ್ತಮೂರು ಜನ ಕೈ ಮುಗಿದಿದ್ದಾರೆ. ಹೂವಿನ ದಾರ ಬೇರೆ ಲಕೋಟೆಯಲ್ಲಿದೆ. ಪೌರತ್ವದ ಕಚೇರಿಗೂ ಇದರ ಪ್ರತಿ ಕಳಿಸಿದ್ದೇನೆ, ನನ್ನ ನಡತೆ ಎಂಥದೆಂದು ಅವರೇ ನೋಡಲಿ. ನನ್ನ ಬೇಡಿಕೆಗಳಲ್ಲಿ ನನಗಾಗಿ ಯಾವುದೂ ಇಲ್ಲ. ಪ್ರಕರಣವನ್ನು ಮತ್ತೆ ತೆರೆಯಿರಿ, ನನಗೆ ಮಂಜೂರಾದ ಪರಿಹಾರವನ್ನು ರದ್ದು ಮಾಡಿ, ಆರನೆಯ ಪ್ಯಾರಾ ಹೊಡೆದುಹಾಕಿ, ತಪ್ಪು ಫಿಂಟನ್‌ನದಲ್ಲ ಎಂದು ಆ ವರ್ಕ್‌ಶಾಪಿನ ಮಾಲೀಕರಿಗೆ ತಮ್ಮ ಕಚೇರಿಯ ಕಾಗದದಲ್ಲೇ ಬರೆದು ತಿಳಿಸಿ.

ಇನ್ನೂ ಒಂದು ಮಾತು. ನಾನು ಬಾಯಿ ಬಿಟ್ಟೆನೆಂಬ ಕಾರಣಕ್ಕೆ ಮಾತ್ರ ಇದನ್ನು ಒಪ್ಪಿಕೊಂಡರೆ ಮತ್ತೆ ಅದೇ ತಪ್ಪಾಗುತ್ತದೆ. ಒಮ್ಮೆ ನನ್ನನ್ನು ನಂಬಿ ಕೆಟ್ಟಿದ್ದೀರಿ, ಈ ಸಲ ನಂಬಬೇಡಿ. ಫಿಂಟನ್‌ನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಅವನನ್ನೇ ಕೇಳಿ. ಅವನು ಮೊದಲ ದಿನ ಹೇಳಿದ್ದನ್ನೇ ಹೇಳುತ್ತಾನೆ.

ಇಂತಿ,
ತಮ್ಮ ವರದಿಯೊಂದರಲ್ಲಿ ಮಾತ್ರ ನಿರ್ದೋಷಿಯಾಗಿ ಉಳಿದಿರುವ
ಹೇಮಚಂದ್ರ
ಕ್ಲಾಂಡಾಲ್ಕಿನ್, ಅಕ್ಟೋಬರ್ ೨೦೨೧