ಕಟ್ಟೆ ದಾಟಿದ ಬಸುರಿ ಬಾಸ್

ವಿರಾಬಿನ್ ಅಣೆಕಟ್ಟು, ನ್ಯೂ ಸೌತ್ ವೇಲ್ಸ್
ಜುಲೈ, ಕೊರೆಯುವ ಚಳಿ

ಅಮ್ಮಾ,

ಈ ನದಿ ಕಡಲು ಸೇರುವ ನಮ್ಮೂರ ಅಳಿವೆಗೆ ದೊಡ್ಡ ಬಾಸ್ ಮೀನುಗಳು ಯಾಕೆ ಬರುತ್ತಿಲ್ಲವೆಂದು ಅಪ್ಪ ಚಳಿಗಾಲವಿಡೀ ಗೊಣಗುತ್ತಾರಲ್ಲ, ಅವು ಇಲ್ಲಿವೆ. ಅಣೆಕಟ್ಟು ಏಳುವ ಮೊದಲೇ ನದಿ ಹತ್ತಿ ಬಂದ ಮುದಿ ಹೆಣ್ಣುಗಳು. ಹೊಟ್ಟೆ ತುಂಬ ಮೊಟ್ಟೆ ಹೊತ್ತು, ಉಪ್ಪುನೀರಿಗೆ ಇಳಿಯಲೆಂದು ಬಂದು ಗೋಡೆಗೆ ಮೂತಿಯಿಟ್ಟು ನಿಲ್ಲುತ್ತವೆ. ದಾರಿ ಸಿಗದೆ ಮೊಟ್ಟೆ ಒಡಲಲ್ಲೇ ಕರಗಿಹೋಗುತ್ತದಂತೆ.

ನಿನ್ನೆ ನಮ್ಮತ್ತೆ ಡಲ್ಸಿ ಬಾಲ ಹರಿದ ಒಂದನ್ನು ಬಲೆಯಲ್ಲಿ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ಎದೆಗವಚಿಕೊಂಡು ಗೋಡೆಯ ಆಚೆ ಇಳಿದರು.

"ಒಂದು ಮೀನಿಂದ ಏನಾಗತ್ತೆ ಡಲ್ಸಿ?" ಎಂದ ಕಾವಲಿನವನು.

"ನಿಮ್ಮಮ್ಮ ಹೆತ್ತಿದ್ದೂ ನಿನ್ನೊಬ್ಬನ್ನೇ. ಊರಿಗೆ ಸಾಕಾಗ್ಲಿಲ್ವಾ?"

ಆಮೇಲೆ ಬಾಗಿ ಮೀನನ್ನು ನೀರಿಗೆ ಬಿಟ್ಟು, "ಹೋಗ್ಬಾ ತಾಯಿ, ತವರಲ್ಲಿ ಹೆತ್ಕೋ" ಎಂದರು. ಆಗ ಅವನೂ ಟೋಪಿ ತೆಗೆದ.

ನನ್ನ ಕಾಲು ಊದಿದೆ, ರಕ್ತದೊತ್ತಡ ಏರಿದೆ. ಅಷ್ಟು ದೂರ ಕಾರಿನಲ್ಲಿ ಕೂರಲೇಬಾರದೆಂದು ಡಾಕ್ಟರು ಹೇಳಿದ್ದಾರೆ. ಹೆರಿಗೆಗೆ ನಾನು ಬರಲಾರೆ, ಅಮ್ಮಾ.

ಬಾಲ ಹರಿದ ಮೀನು ಗಾಳಕ್ಕೆ ಸಿಕ್ಕರೆ ಬಿಟ್ಟುಬಿಡಲಿಕ್ಕೆ ಅಪ್ಪನಿಗೆ ಹೇಳು. ಈ ಸಲ ತವರಿಗೆ ಬರುತ್ತಿರುವವಳು ಅವಳೊಬ್ಬಳೇ.

ಲೋರ್ನಾ